ಅಂಚೆಯ ಕಟ್ಟು ಮತ್ತು ಬಾಗಿಲಿಗೆ ಬಂದ ಹೆಂಗಸು: ಸಿಯಾಟಲ್ ಹಾಗೂ ವ್ಯಾಂಕೂವರ್‌ನ ಚೀನೀ ವಲಸಿಗ ಮಹಿಳೆಯರ ಗರ್ಭಕಂಠ ತಪಾಸಣೆ, ಒಂದು ಪ್ರಕರಣ ಅಧ್ಯಯನ

ಸಿಯಾಟಲ್‌ನಿಂದ ವ್ಯಾಂಕೂವರ್‌ಗೆ ರಸ್ತೆಯಲ್ಲಿ ಹೊರಟರೆ ಸುಮಾರು 230 ಕಿಲೋಮೀಟರ್ ದೂರ. ನಡುವೆ ಒಂದು ದೇಶದ ಗಡಿ. ಗಡಿಯ ದಕ್ಷಿಣಕ್ಕೆ ಅಮೆರಿಕ. ಅಲ್ಲಿ ವೈದ್ಯರ ಬಳಿ ಹೋಗುವ ಮೊದಲು ಕೈಯಲ್ಲಿ ಯಾವ ವಿಮೆ ಇದೆ, ಇದೆಯೋ ಇಲ್ಲವೋ ಎಂದು ನೋಡಿಕೊಳ್ಳಬೇಕು. ಉತ್ತರಕ್ಕೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ. ಅಲ್ಲಿ ಪ್ರಾಂತ್ಯದ ಸರ್ಕಾರವೇ ನಡೆಸುವ ಆರೋಗ್ಯ ವಿಮೆಯಿದೆ, ಮೇಲಾಗಿ ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ 1949ರಷ್ಟು ಹಿಂದೆಯೇ ಆರಂಭವಾದ ತಪಾಸಣಾ ಕಾರ್ಯಕ್ರಮವಿದೆ. ಜಗತ್ತಿನ ಅತ್ಯಂತ ಹಳೆಯ ಇಂಥ ಕಾರ್ಯಕ್ರಮಗಳಲ್ಲಿ ಅದೂ ಒಂದು. ಕಳೆದ ಶತಮಾನದ ಕೊನೆಯಲ್ಲಿ ಎರಡೂ ನಗರಗಳ ಸಂಶೋಧಕರು ಅಲ್ಲಲ್ಲಿನ ಚೀನೀ ವಲಸಿಗ ಮಹಿಳೆಯರ ನಡುವೆ ಸಮೀಕ್ಷೆ ನಡೆಸಿದಾಗ, ಕಾಲಕಾಲಕ್ಕೆ ಈ ತಪಾಸಣೆ ಮಾಡಿಸಿಕೊಳ್ಳದ ಹೆಂಗಸರು ಗಡಿಯ ಎರಡೂ ಕಡೆ ಸಿಕ್ಕರು. ದುಡ್ಡು ಕೊಡಬೇಕಾದ ಊರಿನಲ್ಲಿ ಸಿಕ್ಕಿದ್ದು ಆಶ್ಚರ್ಯವಲ್ಲ. ದುಡ್ಡು ಕೊಡಬೇಕಿಲ್ಲದ ಊರಿನಲ್ಲೂ ಸಿಕ್ಕರು ಎಂಬುದೇ ಈ ಪ್ರಕರಣವನ್ನು ಹತ್ತಿರದಿಂದ ನೋಡಲು ಕಾರಣ.

ಹೀಗೆ ಗುರುತಿಸಿದ 482 ಮಹಿಳೆಯರನ್ನು ಚೀಟಿ ಎತ್ತಿದಂತೆ, ಯಾರ ಆಯ್ಕೆಯೂ ಇಲ್ಲದೆ, ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಮೊದಲ ಗುಂಪಿನವರ ಮನೆಗೆ ಅವರ ಭಾಷೆ ಬಲ್ಲ, ಅವರದೇ ಸಮುದಾಯದ ಕಾರ್ಯಕರ್ತೆಯೊಬ್ಬಳು ಹೋಗಿ ಮಾತಾಡಿ, ವಿಡಿಯೊ ಮತ್ತು ಮುದ್ರಿತ ಸಾಮಗ್ರಿ ಕೊಟ್ಟು, ಪರೀಕ್ಷೆಗೆ ಹೋಗಲು ಆಯಾ ಮಹಿಳೆಗೆ ಬೇಕಾದ ಸಹಾಯವನ್ನು ಹೊಂದಿಸಿಕೊಡುತ್ತಿದ್ದಳು. ನಮ್ಮ ಆಶಾ ಕಾರ್ಯಕರ್ತೆಯರ ಕೆಲಸ ಬಲ್ಲವರಿಗೆ ಇದರ ಸ್ವರೂಪ ತಟ್ಟನೆ ತಿಳಿದೀತು. ಎರಡನೆಯ ಗುಂಪಿಗೆ ಅದೇ ವಿಡಿಯೊ, ಅದೇ ಸಾಮಗ್ರಿ ಅಂಚೆಯಲ್ಲಿ ಹೋಯಿತು. ಮೂರನೆಯ ಗುಂಪಿಗೆ ಊರಿನಲ್ಲಿ ಎಲ್ಲರಿಗೂ ದೊರೆಯುವ ಮಾಮೂಲಿ ಸೇವೆಯನ್ನು ಬಿಟ್ಟು ಬೇರೇನೂ ಇರಲಿಲ್ಲ. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದ ವಿಕಿ ಟೇಲರ್, ವ್ಯಾಂಕೂವರ್ ಕಡೆಯಿಂದ ಗ್ರೆಗರಿ ಹಿಸ್ಲಪ್ ಮತ್ತು ಅವರ ಸಹೋದ್ಯೋಗಿಗಳು ಈ ಅಧ್ಯಯನದ ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ಫಲಿತಾಂಶಕ್ಕೆ ಬರುವ ಮೊದಲು, ಪರೀಕ್ಷೆ ಎಂಥದ್ದು, ಆ ಹೆಂಗಸರು ಎಲ್ಲಿಂದ ಬಂದವರು ಎಂಬುದನ್ನು ನೋಡಬೇಕು. ಅದಿಲ್ಲದೆ ಅಂಕಿಗಳು ಬರೀ ಅಂಕಿಗಳಾಗಿಯೇ ಉಳಿಯುತ್ತವೆ.

ಪರೀಕ್ಷೆ

ಗರ್ಭಕಂಠವೆಂದರೆ ಗರ್ಭಕೋಶದ ಬಾಯಿ, ಯೋನಿಯೊಳಕ್ಕೆ ಇಳಿದಿರುವ ಕೊರಳಿನಂಥ ಭಾಗ. ಅಲ್ಲಿ ಹುಟ್ಟುವ ಕ್ಯಾನ್ಸರ್‌ಗೆ ಬಹುಮಟ್ಟಿಗೆ ಎಚ್‌ಪಿವಿ ಎಂಬ ವೈರಾಣುವಿನ ಸೋಂಕು ಕಾರಣವೆಂದು ಜರ್ಮನಿಯ ಹರಾಲ್ಡ್ ಸುರ್ ಹೌಸನ್ ತೋರಿಸಿಕೊಟ್ಟರು; ಅದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಬಂತು. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ಬಹುಪಾಲು ಹೆಂಗಸರಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ, ಮತ್ತು ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಇಷ್ಟು ದೀರ್ಘವಾದ ಕಾಲಾವಕಾಶ ಕೊಡುವ ಕ್ಯಾನ್ಸರ್‌ಗಳು ಕಡಿಮೆ. ಕೆಟ್ಟ ಕೋಶಗಳನ್ನು ಆ ಅವಧಿಯಲ್ಲಿ ಕಂಡುಹಿಡಿದು ತೆಗೆದುಹಾಕಿದರೆ ರೋಗವೇ ಬರುವುದಿಲ್ಲ. ಹೀಗಿದ್ದೂ 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 6.6 ಲಕ್ಷ ಹೊಸ ಪ್ರಕರಣಗಳು, ಸುಮಾರು 3.5 ಲಕ್ಷ ಸಾವುಗಳು ಸಂಭವಿಸಿದವೆಂದು ಅಂದಾಜು. ಆ ಹೊಸ ಪ್ರಕರಣಗಳಲ್ಲಿ ಐದರಲ್ಲಿ ಎರಡು ಪಾಲು ಚೀನಾ ಮತ್ತು ಭಾರತ ಎರಡೇ ದೇಶಗಳವು. ಕನ್ನಡದ ಓದುಗರಿಗೆ ಈ ಪ್ರಕರಣ ದೂರದ್ದಲ್ಲ ಎನ್ನಲು ಅಷ್ಟು ಸಾಕು.

ಕೆಟ್ಟ ಕೋಶಗಳನ್ನು ಕಾಣುವ ಹಳೆಯ ದಾರಿ ಪ್ಯಾಪ್ ಪರೀಕ್ಷೆ. ಹೆಂಗಸು ಸೊಂಟದಿಂದ ಕೆಳಗಿನ ಬಟ್ಟೆ ತೆಗೆದು, ಹಾಸಿದ ಕಾಗದ ಸರಬರ ಎನ್ನುವ ಮಂಚದ ಮೇಲೆ ಮಲಗಿ, ಕಾಲುಗಳನ್ನು ಮಡಚಿ ಅಗಲಿಸಿಕೊಳ್ಳಬೇಕು. ಬಾತುಕೋಳಿಯ ಕೊಕ್ಕಿನಂತೆ ತೆರೆದುಕೊಳ್ಳುವ ಸ್ಪೆಕ್ಯುಲಮ್ ಎಂಬ ಉಪಕರಣವನ್ನು ಯೋನಿಯೊಳಕ್ಕೆ ಸರಿಸಿ, ಗರ್ಭಕಂಠ ಕಣ್ಣಿಗೆ ಬಿದ್ದ ಮೇಲೆ, ಅಲ್ಲಿಂದ ಸಣ್ಣ ಬ್ರಷ್‌ನಲ್ಲೋ ಚಪ್ಪಟೆ ಕಡ್ಡಿಯಲ್ಲೋ ಒಂದಿಷ್ಟು ಕೋಶಗಳನ್ನು ಒರೆಸಿ ತೆಗೆಯುತ್ತಾರೆ. ಕೈ ಪಳಗಿದವರಾದರೆ ಕೆಲವೇ ನಿಮಿಷಗಳ ಕೆಲಸ. ಇದನ್ನು ರೂಪಿಸಿದ ಜಾರ್ಜ್ ಪಾಪನಿಕೊಲಾವ್ ಸ್ವತಃ ವಲಸಿಗ: 1913ರಲ್ಲಿ ಗ್ರೀಸ್‌ನಿಂದ ಹೆಂಡತಿಯೊಂದಿಗೆ ನ್ಯೂಯಾರ್ಕ್‌ಗೆ ಬಂದಿಳಿದು, ಮೊದಮೊದಲು ಗಿಂಬೆಲ್ಸ್ ಅಂಗಡಿಯಲ್ಲಿ ರತ್ನಗಂಬಳಿ ಮಾರಿದವರು. ಅವರ ಪತ್ನಿ ಆಂಡ್ರೊಮ್ಯಾಕಿ ಅದೇ ಅಂಗಡಿಯಲ್ಲಿ ಹೊಲಿಗೆ ಮಾಡಿದರು. ಮುಂದೆ ಪ್ರಯೋಗಾಲಯದಲ್ಲಿ ಗಂಡನ ಸಹಾಯಕಿಯಾಗಿ ವರ್ಷಗಟ್ಟಲೆ ತಮ್ಮದೇ ಮಾದರಿಗಳನ್ನು ಕೊಟ್ಟರು. ಭಾಷೆ ಬಾರದ ಊರಿಗೆ ಬಂದ ಹೆಂಗಸೊಬ್ಬಳ ಮೈಯಿಂದಲೇ ಕಲಿತ ಪರೀಕ್ಷೆ ಇದು, ಆದರೆ ಮುಂದಿನ ವಲಸಿಗ ಹೆಂಗಸರಿಗೆ ಅದು ಸುಲಭವಾಗಿ ಒದಗಲಿಲ್ಲ.

ಎಲ್ಲಿಂದ ಬಂದವರು

'ಚೀನೀ ವಲಸಿಗರು' ಎಂಬ ಒಂದೇ ಹೆಸರಿನ ಕೆಳಗೆ ಒಂದಕ್ಕೊಂದು ಹೊಂದದ ಹಲವು ಜನರಿದ್ದಾರೆ. ಪೆಸಿಫಿಕ್ ದಂಡೆಯ ಹಳೆಯ ಚೈನಾಟೌನ್‌ಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ಗುವಾಂಗ್‌ಡಾಂಗ್ ಪ್ರಾಂತ್ಯದ ತೈಶಾನ್ ಸುತ್ತಮುತ್ತಲಿನ ಗಂಡಸರು. ಹೆಂಗಸರು ಬಾರದಂತೆ ಕಾನೂನೇ ತಡೆದಿತ್ತು: ಅಮೆರಿಕದಲ್ಲಿ 1875ರ ಪೇಜ್ ಕಾಯ್ದೆ ಮತ್ತು 1882ರ ಚೀನೀ ಬಹಿಷ್ಕಾರ ಕಾಯ್ದೆ, ಕೆನಡಾದಲ್ಲಿ 1885ರ ತಲೆಗಂದಾಯ ಮತ್ತು 1923ರ ಸಂಪೂರ್ಣ ನಿಷೇಧ. ನಿಷೇಧಗಳು ಹೋದದ್ದು ಕ್ರಮವಾಗಿ 1943 ಮತ್ತು 1947ರಲ್ಲಿ. ಬಾಗಿಲು ನಿಜವಾಗಿ ತೆರೆದದ್ದು 1960ರ ದಶಕದ ವಲಸೆ ಕಾನೂನುಗಳ ನಂತರ. ಆಮೇಲೆ ಹಾಂಗ್‌ಕಾಂಗ್‌ನವರು ಬಂದರು, ಅದರಲ್ಲೂ ಬ್ರಿಟನ್ ಆ ಊರನ್ನು ಚೀನಾಕ್ಕೆ ಒಪ್ಪಿಸಿದ 1997ರ ಹಸ್ತಾಂತರಕ್ಕೆ ಮುಂಚೆ ವ್ಯಾಂಕೂವರ್‌ಗೆ ದೊಡ್ಡ ಸಂಖ್ಯೆಯಲ್ಲಿ, ತೈವಾನಿನವರು ಬಂದರು, ಆಮೇಲಾಮೇಲೆ ಚೀನಾದ ಒಳನಾಡಿನಿಂದ ಮ್ಯಾಂಡರಿನ್ ಮಾತಾಡುವವರು ಬಂದರು. ಕ್ಯಾಂಟನೀಸ್, ತೈಶಾನೀಸ್, ಮ್ಯಾಂಡರಿನ್ ಮಾತಾಡುವ ಮೂವರು ಒಂದೇ ಕರಪತ್ರವನ್ನು ಓದಿಯಾರು, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದು ಖಾತ್ರಿಯಿಲ್ಲ. ಆ ಕರಪತ್ರವನ್ನೂ ಹಾಂಗ್‌ಕಾಂಗ್ ಮತ್ತು ತೈವಾನಿನವರಿಗೆ ಹಳೆಯ ಲಿಪಿಯಲ್ಲಿ, ಒಳನಾಡಿನವರಿಗೆ ಸರಳೀಕೃತ ಲಿಪಿಯಲ್ಲಿ ಅಚ್ಚು ಹಾಕಿಸಬೇಕು.

ತಪಾಸಣೆಯ ವಿಷಯದಲ್ಲೂ ಇವರು ಬೇರೆ ಬೇರೆ ಅನುಭವ ಹೊತ್ತು ಬಂದವರು. ತೈವಾನ್ 1995ರಲ್ಲಿ 30 ವರ್ಷ ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ ಪ್ಯಾಪ್ ಪರೀಕ್ಷೆಯ ಸೌಲಭ್ಯ ಕೊಟ್ಟಿತು. ಹಾಂಗ್‌ಕಾಂಗ್‌ನ ಸಂಘಟಿತ ಕಾರ್ಯಕ್ರಮ 2004ರದ್ದು. ಚೀನಾ ತನ್ನ ಗ್ರಾಮೀಣ ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠ ಎರಡರ ತಪಾಸಣೆಯನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿದ್ದು 2009ರಲ್ಲಿ. ಅಂದರೆ ಸಿಯಾಟಲ್ ಮತ್ತು ವ್ಯಾಂಕೂವರ್‌ನ ಸಮೀಕ್ಷೆಯಲ್ಲಿ ಸಿಕ್ಕಿದ ಮಧ್ಯವಯಸ್ಸಿನವರು ತಾಯ್ನಾಡಿನಲ್ಲಿ ಇದ್ದಾಗ, 'ಏನೂ ತೊಂದರೆ ಇಲ್ಲದಿದ್ದರೂ ಬಂದು ತೋರಿಸಿಕೊಳ್ಳಿ' ಎಂದು ಕರೆಯುವ ಪದ್ಧತಿಯೇ ಬಹುಪಾಲು ಇರಲಿಲ್ಲ. ಒಳನಾಡಿನವರಿಗೆ ಸೊಂಟದ ಕೆಳಗಿನ ಪರೀಕ್ಷೆಯೆಂದರೆ ಇನ್ನೊಂದು ನೆನಪೂ ಇದ್ದೀತು. ಜನನ ನಿಯಂತ್ರಣದ ಕಾಲದಲ್ಲಿ ಹೆರಿಗೆಯಾದ ಹೆಂಗಸರಿಗೆ ಉಕ್ಕಿನ ಉಂಗುರದಂಥ ವಂಕಿಯನ್ನು ಗರ್ಭಕೋಶದಲ್ಲಿ ಇರಿಸಿ, ಅದು ಇನ್ನೂ ಅಲ್ಲೇ ಇದೆಯೇ ಎಂದು ಆಗಾಗ ಪರೀಕ್ಷಿಸುವುದು ಸರ್ಕಾರದ ಕಾರ್ಯಕ್ರಮವಾಗಿತ್ತು. ಅಂಥ ಪರೀಕ್ಷೆಯಿಂದ ತಪ್ಪಿಸಿಕೊಂಡ ದೇಶದಲ್ಲಿ ಮತ್ತೆ ಅಂಥದೇ ಮಂಚ ಹತ್ತಿ ಎಂದರೆ ಮನಸ್ಸು ಹಿಂಜರಿಯುವುದರಲ್ಲಿ ಅಜ್ಞಾನವೇನೂ ಇಲ್ಲ.

ಮಾತು

ಈ ಪ್ರಕರಣದಲ್ಲಿ ನನಗೆ ಹೆಚ್ಚು ಹೊತ್ತು ನಿಲ್ಲಬೇಕೆನಿಸುವ ಜಾಗ ಇದು. ಚೀನೀ ಭಾಷೆಯಲ್ಲಿ ಗರ್ಭಕೋಶಕ್ಕೆ ಇರುವ ಪದವನ್ನು ಬಿಡಿಸಿದರೆ 'ಮಗುವಿನ ಅರಮನೆ' ಎಂದಾಗುತ್ತದೆ. ಗರ್ಭಕಂಠ ಆ ಅರಮನೆಯ ಕೊರಳು. ಪದದಲ್ಲೇ ಮಗು ಇರುವುದರಿಂದ, ಮಕ್ಕಳಾಗುವ ಕಾಲ ಮುಗಿದ ಮೇಲೆ ಅರಮನೆಯ ಚಿಂತೆ ಏಕೆ ಎಂಬ ಭಾವನೆ ಅಸಹಜವಲ್ಲ. ಮುಟ್ಟು ನಿಂತವರು, ಗಂಡ ತೀರಿಕೊಂಡವರು ತಮಗೆ ಈ ಪರೀಕ್ಷೆ ಬೇಡವೆಂದುಕೊಳ್ಳುವುದು ಈ ಸಮುದಾಯದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ರೋಗಕ್ಕೆ ಮೂರು ನಾಲ್ಕು ದಶಕಗಳ ಹಿಂದಿನ ಸೋಂಕೂ ಸಾಕು ಎಂಬ ವಿಷಯ ಅವರವರೆಗೆ ತಲುಪಿರುವುದಿಲ್ಲ. ಬಿಳಿ ಸ್ರಾವಕ್ಕೆ ಚೀನೀಯರು 'ಬಿಳಿ ಪಟ್ಟಿ' ಎನ್ನುತ್ತಾರೆ. ನಾವು 'ಬಿಳಿ ಸೆರಗು' ಎನ್ನುತ್ತೇವೆ. ಎರಡು ನಾಡಿನ ಹೆಂಗಸರು ಒಬ್ಬರನ್ನೊಬ್ಬರು ಕೇಳದೆಯೇ ಅದನ್ನು ಬಟ್ಟೆಯ ಮಾತಿನಲ್ಲಿ ಮುಚ್ಚಿಟ್ಟುಕೊಂಡಿರುವುದನ್ನು ನೋಡಿದರೆ, ಎರಡೂ ಕಡೆ ಅದು ವೈದ್ಯರ ಮುಂದೆ ಎಷ್ಟು ಹೊತ್ತಿಗೆ ಬಾಯಿಗೆ ಬರುತ್ತದೆ ಎಂಬುದನ್ನೂ ಊಹಿಸಬಹುದು.

ಇನ್ನು ಕ್ಯಾನ್ಸರ್ ಎಂಬ ಪದ. ಮ್ಯಾಂಡರಿನ್‌ನಲ್ಲಿ ಅದರ ಹಳೆಯ ಉಚ್ಚಾರ 'ಯೆನ್'; ಉರಿಯೂತಕ್ಕೂ 'ಯೆನ್'. ಹೊಟ್ಟೆಯ ಉರಿಯೂತವೋ ಹೊಟ್ಟೆಯ ಕ್ಯಾನ್ಸರೋ ಕಿವಿಗೆ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಕ್ಯಾನ್ಸರ್‌ಗೆ 'ಆಯ್' ಎಂಬ ಬೇರೆ ಉಚ್ಚಾರವನ್ನು ರೂಢಿಗೆ ತರಲಾಯಿತು. ಉಚ್ಚಾರ ಬೇರ್ಪಟ್ಟರೂ ತಿಳಿವಳಿಕೆ ಅಷ್ಟು ಬೇಗ ಬೇರ್ಪಡಲಿಲ್ಲ. ಗರ್ಭಕಂಠದ 'ಸವೆತ' ಎಂಬ ರೋಗನಿರ್ಣಯ ಇದಕ್ಕೆ ಒಳ್ಳೆಯ ಸಾಕ್ಷಿ. ಗರ್ಭಕಂಠದ ಒಳಪದರದ ಕೆಂಪು ಕೋಶಗಳು ಹೊರಮೈಯಲ್ಲಿ ಕಾಣಿಸಿಕೊಳ್ಳುವುದು ಹಾರ್ಮೋನಿನ ಪ್ರಭಾವದಿಂದಾಗುವ ಸಹಜ ಸ್ಥಿತಿ. ಅದನ್ನೇ ಹಲವು ದಶಕಗಳ ಕಾಲ ಚೀನಾದ ಆಸ್ಪತ್ರೆಗಳಲ್ಲಿ 'ಸವೆತ', ಅಕ್ಷರಶಃ ಹೇಳುವುದಾದರೆ 'ಕೊಳೆತ', ಎಂದು ಹೆಸರಿಸಿ, ಲೇಸರ್‌ನಿಂದಲೋ ಶೈತ್ಯದಿಂದಲೋ ಸುಟ್ಟು ಚಿಕಿತ್ಸೆ ಕೊಟ್ಟರು. ಅಲ್ಲಿನ ವೈದ್ಯಕೀಯ ಪಠ್ಯಪುಸ್ತಕ ಈ ಹೆಸರನ್ನು ಕೈಬಿಟ್ಟದ್ದು 2008ರಲ್ಲಿ. ಅದಕ್ಕೂ ಮೊದಲೇ ಊರು ಬಿಟ್ಟ ಹೆಂಗಸೊಬ್ಬಳನ್ನು ಸಿಯಾಟಲ್‌ನ ನರ್ಸ್ 'ಗರ್ಭಕಂಠದ ಪರೀಕ್ಷೆ ಮಾಡಿಸಿದ್ದೀರಾ?' ಎಂದು ಕೇಳಿದರೆ, 'ಆಗಿದೆ, ವಾಸಿಯೂ ಆಗಿದೆ' ಎಂಬ ಉತ್ತರ ಬಂದರೆ ಅದು ಸುಳ್ಳಲ್ಲ. ನಮೂನೆಯಲ್ಲಿ 'ಹೌದು' ಎಂಬ ಚೌಕಕ್ಕೆ ಗುರುತು ಬೀಳುತ್ತದೆ. ಕ್ಯಾನ್ಸರ್ ಪೂರ್ವದ ಕೋಶಗಳನ್ನು ಯಾರೂ ಎಂದೂ ನೋಡಿರುವುದಿಲ್ಲ.

ಇದೆಲ್ಲವನ್ನು 'ಜಾಗೃತಿಯ ಕೊರತೆ' ಎಂಬ ಒಂದೇ ಮಾತಿನಲ್ಲಿ ಕಟ್ಟಿಡುವುದು ಆರೋಗ್ಯ ಇಲಾಖೆಗಳ ಅಭ್ಯಾಸ. ಕೊರತೆ ಎಂದರೆ ಖಾಲಿ ಪಾತ್ರೆ, ಸುರಿದರೆ ತುಂಬುತ್ತದೆ ಎಂದಾಯಿತು. ಈ ಹೆಂಗಸರ ತಲೆ ಖಾಲಿಯಿರಲಿಲ್ಲ. ದೇಹದ ಶೀತ-ಉಷ್ಣಗಳ ಸಮತೋಲ, ಬಾಣಂತನದ ಒಂದು ತಿಂಗಳು ಮನೆಯಲ್ಲೇ ಬೆಚ್ಚಗಿದ್ದು ಪಥ್ಯ ಮಾಡಬೇಕೆಂಬ ನಿಯಮ, ಶುಚಿತ್ವ, ಸದಾಚಾರ ಎಲ್ಲ ಸೇರಿದ ಒಂದು ಆರೋಗ್ಯಜ್ಞಾನ ಅಲ್ಲಿ ಆಗಲೇ ಇತ್ತು. ಬಾಣಂತಿಗೆ ತಣ್ಣೀರು ಮುಟ್ಟಬೇಡ ಎನ್ನುವ ಮನೆಯಲ್ಲಿ ಬೆಳೆದ ಕನ್ನಡಿಗರಿಗೆ ಅದರ ಪರಿಚಯ ಮಾಡಿಸಬೇಕಾಗಿಲ್ಲ. ಆ ಜ್ಞಾನದ ಲೆಕ್ಕದಲ್ಲಿ ಮೈ ನೆಟ್ಟಗಿರುವವಳು ಆಸ್ಪತ್ರೆಗೆ ಹೋಗುವುದಕ್ಕೆ ಅರ್ಥವಿಲ್ಲ. ಲೈಂಗಿಕ ಸೋಂಕಿನಿಂದ ಬರುವ ರೋಗ ಎಂದ ಕೂಡಲೇ, ಅದು ತನ್ನ ನಡತೆಯ ಮೇಲೋ ಗಂಡನ ನಡತೆಯ ಮೇಲೋ ಮಾಡಿದ ಆರೋಪವಾಗಿಯೂ ಕೇಳಿಸುತ್ತದೆ. ಮದುವೆಯಾಗದ ಹುಡುಗಿ ಪರೀಕ್ಷೆಗೆ ಹೋದರೆ, ಹೋದದ್ದೇ ಒಂದು ತಪ್ಪೊಪ್ಪಿಗೆ.

ಮಂಚದವರೆಗಿನ ದಾರಿ

ಮನಸ್ಸು ಒಪ್ಪಿತು ಎಂದೇ ಇಟ್ಟುಕೊಳ್ಳೋಣ. ಆ ಮೇಲಿನ ದಾರಿಯೂ ಸಲೀಸಲ್ಲ. ವಲಸಿಗ ಕುಟುಂಬಗಳು ಸಾಮಾನ್ಯವಾಗಿ ತಮ್ಮ ಭಾಷೆ ಮಾತಾಡುವ ವೈದ್ಯರನ್ನೇ ಹುಡುಕಿಕೊಂಡು ಹೋಗುತ್ತವೆ, ಮತ್ತು ಆಗಿನ ಚೈನಾಟೌನ್‌ಗಳಲ್ಲಿ ಅಂಥವರಲ್ಲಿ ಅನೇಕರು ಗಂಡಸರು. ಜ್ವರ, ರಕ್ತದೊತ್ತಡಗಳಿಗೆ ಅವರೇ ಸಾಕು. ಪ್ಯಾಪ್ ಪರೀಕ್ಷೆಯ ಮಾತನ್ನು ಅವರೂ ಎತ್ತುವುದಿಲ್ಲ, ಇವರೂ ಕೇಳುವುದಿಲ್ಲ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಭಾಷೆ ಬೇಕೆಂದರೆ ಗಂಡು ವೈದ್ಯ, ಹೆಣ್ಣು ವೈದ್ಯೆ ಬೇಕೆಂದರೆ ಇಂಗ್ಲಿಷ್ ಎಂಬ ಈ ಇಕ್ಕಟ್ಟನ್ನು ಅರಿತೇ ವ್ಯಾಂಕೂವರ್‌ನಲ್ಲಿ 1990ರ ದಶಕದಲ್ಲಿ ಏಷ್ಯನ್ ವಿಮೆನ್ಸ್ ಹೆಲ್ತ್ ಕ್ಲಿನಿಕ್ ಎಂಬ ಚಿಕಿತ್ಸಾಲಯ ಆರಂಭವಾಯಿತು. ಸಿಯಾಟಲ್‌ನಲ್ಲಿ 1973ರಿಂದಲೂ ಇಂಟರ್‌ನ್ಯಾಷನಲ್ ಕಮ್ಯೂನಿಟಿ ಹೆಲ್ತ್ ಸರ್ವಿಸಸ್ ಎಂಬ ಸಂಸ್ಥೆ ಏಷ್ಯಾದ ವಲಸಿಗರಿಗೆ ಅವರವರ ಭಾಷೆಯಲ್ಲಿ ಸೇವೆ ಕೊಡುತ್ತ ಬಂದಿದೆ. ಅಂಥ ಜಾಗ ಹತ್ತಿರವಿಲ್ಲದಿದ್ದರೆ ದುಭಾಷಿ ಬೇಕು. ದುಭಾಷಿ ಇಲ್ಲದಿದ್ದರೆ ಶಾಲೆಗೆ ಹೋಗುವ ಮಗನೋ ಮಗಳೋ ಆ ಕೆಲಸ ಮಾಡಬೇಕು. ಹದಿನಾಲ್ಕರ ಮಗನ ಬಾಯಿಂದ ತಾಯಿಯ ಮುಟ್ಟಿನ ಲೆಕ್ಕ ವೈದ್ಯರಿಗೆ ಹೋಗುವುದನ್ನು ಒಂದು ಸಲ ಕಲ್ಪಿಸಿಕೊಂಡರೆ, ಆಕೆ ಎರಡನೆಯ ಸಲ ಏಕೆ ಬರುವುದಿಲ್ಲ ಎಂಬುದಕ್ಕೆ ಸಮೀಕ್ಷೆ ಬೇಕಾಗುವುದಿಲ್ಲ.

ಹಣದ ಮಾತನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಸಂಸತ್ತು 1990ರಲ್ಲಿ ಕಾಯ್ದೆ ಮಾಡಿ, ವಿಮೆಯಿಲ್ಲದ ಬಡ ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠದ ಉಚಿತ ತಪಾಸಣೆಗೆ ದಾರಿ ತೆರೆಯಿತು. ಪತ್ತೆಯಾದ ರೋಗದ ಚಿಕಿತ್ಸೆಗೆ ಮೆಡಿಕೇಡ್ ಎಂಬ, ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯನ್ನು ಒದಗಿಸಲು ರಾಜ್ಯಗಳಿಗೆ ಅವಕಾಶ ಸಿಕ್ಕಿದ್ದು 2000ದಲ್ಲಿ. ರೋಗ ಇದೆ ಎಂದು ಹೇಳಿ ಕೈಬಿಡುವ ತಪಾಸಣೆಗೆ ಯಾರಾದರೂ ಏಕೆ ಹೋಗಬೇಕು ಎಂಬ ಪ್ರಶ್ನೆಗೆ ಆ ಹತ್ತು ವರ್ಷ ಸರಿಯಾದ ಉತ್ತರವಿರಲಿಲ್ಲ. ಈ ನಡುವೆ 1996ರ ಕಲ್ಯಾಣ ಸುಧಾರಣಾ ಕಾನೂನು ಹೊಸದಾಗಿ ಬಂದ ಕಾನೂನುಬದ್ಧ ವಲಸಿಗರನ್ನೂ ಸಾಮಾನ್ಯವಾಗಿ ಐದು ವರ್ಷ ಮೆಡಿಕೇಡ್‌ನಿಂದ ದೂರವಿಟ್ಟಿತು. ಆದರೆ ವ್ಯಾಂಕೂವರ್ ಈ ಎಲ್ಲದಕ್ಕೂ ಹೊರತಾಗಿದ್ದು, ಅಲ್ಲೂ ಹೆಂಗಸರು ಮಂಚದವರೆಗೆ ಬರಲಿಲ್ಲ.

ಫಲಿತಾಂಶ

ಕೊನೆಯ ಸಮೀಕ್ಷೆಗೆ 402 ಮಹಿಳೆಯರು ಸಿಕ್ಕರು. ಕಾರ್ಯಕರ್ತೆ ಮನೆಗೆ ಹೋಗಿದ್ದ 129 ಮಂದಿಯಲ್ಲಿ 50 ಜನ, ಅಂದರೆ ಶೇ. 39ರಷ್ಟು, ಆ ನಡುವೆ ಪ್ಯಾಪ್ ಪರೀಕ್ಷೆ ಮಾಡಿಸಿಕೊಂಡಿರುವುದಾಗಿ ಹೇಳಿದರು. ಅಂಚೆಯಲ್ಲಿ ಸಾಮಗ್ರಿ ಪಡೆದ 139 ಮಂದಿಯಲ್ಲಿ 35 ಜನ, ಶೇ. 25. ಏನೂ ಪಡೆಯದ 134 ಮಂದಿಯಲ್ಲಿ 20 ಜನ, ಶೇ. 15. ಮೂರೂ ಗುಂಪುಗಳ ನಡುವಿನ ಈ ಅಂತರ ಆಕಸ್ಮಿಕವೆಂದು ತಳ್ಳಿಹಾಕುವಂಥದಲ್ಲ ಎಂದು ಸಂಖ್ಯಾಶಾಸ್ತ್ರದ ಲೆಕ್ಕವೂ ಹೇಳಿತು.

ಈ ಅಂಕಿಗಳನ್ನು ಹೀಗೂ ಓದಬಹುದು. ತಾವಾಗಿಯೇ ಹೋಗುತ್ತಿದ್ದವರನ್ನು ಕಳೆದರೆ, ಮನೆಭೇಟಿಯಿಂದ ನೂರರಲ್ಲಿ 24 ಮಂದಿ, ಅಂಚೆಯಿಂದ 10 ಮಂದಿ ಹೆಚ್ಚಾದರು. ನಾಲ್ಕು ಬಾಗಿಲು ತಟ್ಟಿದರೆ ಒಬ್ಬ ಹೆಂಗಸು ಹೆಚ್ಚಾಗಿ ಹೋದಳು. ಅಂಚೆಯಲ್ಲಾದರೆ ಹತ್ತು ಕಟ್ಟು ಕಳಿಸಿದರೆ ಒಬ್ಬಳು. ಕಟ್ಟು ಅಗ್ಗ, ಕಾರ್ಯಕರ್ತೆಯ ಸಂಬಳ ದುಬಾರಿ. ಬಜೆಟ್ ಬರೆಯುವವರ ಕಣ್ಣು ಎಲ್ಲಿ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ನನ್ನ ಗಮನ ಹೋಗುವುದು ಬೇರೆ ಕಡೆಗೆ. ಎರಡೂ ಗುಂಪಿಗೆ ತಲುಪಿದ ತಿಳಿವಳಿಕೆ ಒಂದೇ: ಅದೇ ವಿಡಿಯೊ, ಅದೇ ಹಾಳೆಗಳು. ಜಾಗೃತಿಯೊಂದೇ ಕೊರತೆಯಾಗಿದ್ದರೆ ಎರಡೂ ಗುಂಪು ಹೆಚ್ಚುಕಡಿಮೆ ಸಮಕ್ಕೆ ಬರಬೇಕಿತ್ತು. 25ರಿಂದ 39ಕ್ಕೆ ಏರಿದ ಆ 14 ಮೆಟ್ಟಿಲುಗಳು ಮಾಹಿತಿಯಿಂದ ಬಂದವಲ್ಲ. ಎದುರಿಗೆ ಕೂತು ಪ್ರಶ್ನೆ ಕೇಳಿಸಿಕೊಂಡವಳು, ಯಾವ ಚಿಕಿತ್ಸಾಲಯದಲ್ಲಿ ಹೆಣ್ಣು ವೈದ್ಯೆ ಇದ್ದಾಳೆಂದು ಬಲ್ಲವಳು, ಸಮಯ ಗೊತ್ತುಮಾಡಿಸಲು, ಭಾಷೆಗೆ, ಹೋಗಿ ಬರುವುದಕ್ಕೆ ಒದಗಿದವಳು ಬಂದದ್ದರಿಂದ ಬಂದವು. ಅವಳೂ ಅದೇ ಊರಿನ ಮಾತಾಡುವ ಹೆಂಗಸು, ಅವಳೂ ಆ ಮಂಚ ಹತ್ತಿ ಇಳಿದವಳಿರಬಹುದು ಎಂಬ ನಂಬಿಕೆಯನ್ನು ಯಾವ ಹಾಳೆಯೂ ಹೊತ್ತು ತರಲಾರದು.

ಆದರೂ ಈ ಫಲಿತಾಂಶವನ್ನು ತಲೆಯ ಮೇಲೆ ಹೊತ್ತು ಮೆರೆಯುವುದು ಬೇಡ. ಮನೆಗೆ ಬಂದು ಕೂತು ಎಲ್ಲ ಸಹಾಯಕ್ಕೂ ಸಿದ್ಧ ಎಂದಮೇಲೂ ನೂರರಲ್ಲಿ 61 ಮಂದಿ ಹೋಗಲಿಲ್ಲ. ಮೊದಲಿನ 482ರಲ್ಲಿ 80 ಮಂದಿಯ ವಿಷಯ ಕೊನೆಗೆ ಗೊತ್ತಾಗಲಿಲ್ಲ. ಎಣಿಸಿದ್ದು ಒಂದು ಸಲದ ಪರೀಕ್ಷೆಯನ್ನು. ತಪಾಸಣೆಯ ಪ್ರಯೋಜನವೆಲ್ಲ ಇರುವುದು ವರ್ಷಗಳ ಉದ್ದಕ್ಕೂ ಮತ್ತೆ ಮತ್ತೆ ಮಾಡಿಸಿಕೊಳ್ಳುವುದರಲ್ಲಿ. ಇದೇ ಟೇಲರ್ ಮತ್ತು ಸಂಗಡಿಗರು ಸಿಯಾಟಲ್‌ನಲ್ಲೇ ಕಾಂಬೋಡಿಯಾದ ನಿರಾಶ್ರಿತ ಮಹಿಳೆಯರ ನಡುವೆ ನಡೆಸಿದ ಇಂಥದೇ ಪ್ರಯತ್ನದಲ್ಲಿ ಕಾರ್ಯಕರ್ತೆಯರು ಹೋದ ಗುಂಪಿಗೂ ಹೋಗದ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆಯ ಪ್ರಮಾಣ ಎರಡರಲ್ಲೂ ಏರಿತ್ತು. ಒಂದು ಸಮುದಾಯದಲ್ಲಿ ಫಲಿಸಿದ್ದನ್ನು 'ಏಷ್ಯಾದ ಹೆಂಗಸರಿಗೆ ಹೀಗೆ ಮಾಡಬೇಕು' ಎಂಬ ಸೂತ್ರ ಮಾಡಲು ಹೊರಟವರಿಗೆ ಆ ಇನ್ನೊಂದು ಅಧ್ಯಯನ ಒಳ್ಳೆಯ ಕಡಿವಾಣ.

ಆ ನಂತರದ ಇಪ್ಪತ್ತು ವರ್ಷ

ಅಧ್ಯಯನ ಮುಗಿದ ಮೇಲೆ ಪರೀಕ್ಷೆಯೇ ಬದಲಾಯಿತು. ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕಿಂತ ಮೊದಲೇ ವೈರಾಣು ಇದೆಯೇ ಎಂದು ನೋಡುವುದು ಹೆಚ್ಚು ಭರವಸೆಯದು ಎಂದಾಯಿತು. ಎಚ್‌ಪಿವಿ ಇಲ್ಲವೆಂದು ಖಚಿತವಾದರೆ ಐದು ವರ್ಷ ನಿಶ್ಚಿಂತೆಯಿಂದ ಇರಬಹುದು. ಲಸಿಕೆಯೂ ಬಂತು. ಜಗತ್ತಿನಾದ್ಯಂತ ಈ ಕ್ಯಾನ್ಸರ್‌ನ ಸುಮಾರು ಶೇ. 70ಕ್ಕೆ ಎಚ್‌ಪಿವಿಯ 16 ಮತ್ತು 18ನೇ ತಳಿಗಳು ಕಾರಣ. ಪೂರ್ವ ಏಷ್ಯಾದಲ್ಲಿ ಇವುಗಳ ಜೊತೆಗೆ 52 ಮತ್ತು 58ನೇ ತಳಿಗಳ ಪಾಲು ಬೇರೆ ಕಡೆಗಿಂತ ಹೆಚ್ಚು. ಮೊದಲು ಬಂದ ಲಸಿಕೆಗಳಲ್ಲಿ ಇವೆರಡೂ ಇರಲಿಲ್ಲ, ಒಂಬತ್ತು ತಳಿಗಳ ಲಸಿಕೆಯಲ್ಲಿ ಸೇರಿದವು. ಚೀನಾದಲ್ಲಿ ಮೊದಲ ಎಚ್‌ಪಿವಿ ಲಸಿಕೆಗೆ ಅನುಮತಿ ಸಿಕ್ಕಿದ್ದು 2016ರಲ್ಲಿ, ಒಂಬತ್ತು ತಳಿಗಳದ್ದಕ್ಕೆ 2018ರಲ್ಲಿ. ಹಾಗಾಗಿ ಈಗ ಸಿಯಾಟಲ್‌ಗೆ ಓದಲು ಬರುವ ಹುಡುಗಿಗೆ ಲಸಿಕೆ ಆಗಿದ್ದರೂ ಆಗಿರಬಹುದು, ಅವಳ ಮಗುವಿನ ಬಾಣಂತನಕ್ಕೆಂದು ಮುಂದೆ ಬರುವ ತಾಯಿಗೆ ಆಗಿರುವ ಸಂಭವ ತೀರ ಕಡಿಮೆ. ಮಗಳ ಬಾಣಂತನಕ್ಕೆ ಬೆಂಗಳೂರಿನಿಂದಲೋ ಧಾರವಾಡದಿಂದಲೋ ಅದೇ ಸಿಯಾಟಲ್‌ಗೆ ಆರು ತಿಂಗಳ ವೀಸಾದಲ್ಲಿ ಹೋಗುವ ನಮ್ಮ ತಾಯಂದಿರದ್ದೂ ಅದೇ ಸ್ಥಿತಿ.

ಎಲ್ಲಕ್ಕಿಂತ ದೊಡ್ಡ ಬದಲಾವಣೆಯೆಂದರೆ ಮಾದರಿಯನ್ನು ಹೆಂಗಸು ತಾನೇ ತೆಗೆದುಕೊಳ್ಳಬಹುದಾದದ್ದು. ವೈರಾಣು ಪರೀಕ್ಷೆಗೆ ಗರ್ಭಕಂಠವನ್ನು ಕಣ್ಣಾರೆ ಕಾಣಬೇಕಾಗಿಲ್ಲ. ಹತ್ತಿ ಸುತ್ತಿದಂಥ ಉದ್ದ ಕಡ್ಡಿಯನ್ನು ಯೋನಿಯೊಳಗೆ ಇಟ್ಟು ಕೆಲವು ಸುತ್ತು ತಿರುಗಿಸಿ ನಳಿಕೆಯಲ್ಲಿ ಹಾಕಿದರೆ ಸಾಕು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಯಾರಿಗೂ ಕಾಲು ಅಗಲಿಸಿ ತೋರಿಸದೆ, ಈ ಕೆಲಸ ಮುಗಿಯುತ್ತದೆ. ಆಸ್ಟ್ರೇಲಿಯಾ 2022ರ ಜುಲೈನಿಂದ ಇದನ್ನು ತಪಾಸಣೆಗೆ ಅರ್ಹರಾದ ಎಲ್ಲರಿಗೂ ತೆರೆಯಿತು. ಬ್ರಿಟಿಷ್ ಕೊಲಂಬಿಯಾದಲ್ಲಿ 2024ರ ಜನವರಿಯಿಂದ 25ರಿಂದ 69 ವರ್ಷದವರು ಕೇಳಿದರೆ ಪರೀಕ್ಷಾ ಕಿಟ್ ಅಂಚೆಯಲ್ಲಿ ಮನೆಗೇ ಬರುತ್ತದೆ, ಅಂಚೆಯಲ್ಲೇ ವಾಪಸು ಹೋಗುತ್ತದೆ. ಅಮೆರಿಕದಲ್ಲಿ 2024ರ ಮೇ ತಿಂಗಳಲ್ಲಿ ಚಿಕಿತ್ಸಾಲಯದೊಳಗೆ, 2025ರ ಮೇ ತಿಂಗಳಲ್ಲಿ ಮನೆಯಲ್ಲಿ ಸ್ವತಃ ಮಾದರಿ ತೆಗೆದುಕೊಳ್ಳುವ ಸಾಧನಗಳಿಗೆ ಅನುಮತಿ ಸಿಕ್ಕಿತು. ಗಂಡು ವೈದ್ಯ, ದುಭಾಷಿ ಮಗ, ಸ್ಪೆಕ್ಯುಲಮ್, ಕಾಗದ ಹಾಸಿದ ಮಂಚ: ಇಷ್ಟು ವರ್ಷ ದಾರಿಗೆ ಅಡ್ಡ ನಿಂತಿದ್ದವೆಲ್ಲ ಒಂದೇ ಏಟಿಗೆ ಪಕ್ಕಕ್ಕೆ ಸರಿದವು ಎಂದು ಸಂತೋಷಪಡಲು ಸಾಕಷ್ಟು ಕಾರಣವಿದೆ.

ಆದರೆ ಆ ಕಿಟ್ ಬರುವುದು ಅಂಚೆಯಲ್ಲಿ. ಇಪ್ಪತ್ತು ವರ್ಷಗಳ ಹಿಂದೆ ಅಂಚೆಯಲ್ಲಿ ಹೋದದ್ದಕ್ಕೂ ಬಾಗಿಲಿಗೆ ಬಂದವಳಿಗೂ ಇದ್ದ ಅಂತರವನ್ನು ಇದೇ ಊರು ಎಣಿಸಿ ನೋಡಿತ್ತು. ಅಂದಿನ ಕಟ್ಟಿನಲ್ಲಿದ್ದದ್ದು ಬರೀ ಮಾತು, ಇಂದಿನದರಲ್ಲಿ ಪರೀಕ್ಷೆಯೇ ಇದೆ, ಆದ್ದರಿಂದ ಹಳೆಯ ಶೇ. 25ನ್ನು ಹಾಗೆಯೇ ಇದಕ್ಕೆ ಅಂಟಿಸುವುದು ಸರಿಯಲ್ಲ. ಆದರೂ ಕಿಟ್ ತಾನಾಗಿ ಬರುವುದಿಲ್ಲ, ಬೇಕೆಂದು ಕೇಳಬೇಕು. ಕೇಳಬೇಕಾದರೆ ಅಂಥದೊಂದು ಇದೆಯೆಂದು ಗೊತ್ತಿರಬೇಕು. 'ವಾಸಿಯಾದ ಸವೆತ'ದವಳಿಗೆ ಇದು ತನಗೂ ಬೇಕೆಂದು ಅನಿಸಬೇಕು. ಕಡ್ಡಿಯನ್ನು ಸರಿಯಾಗಿ ಹಾಕಿದೆನೋ ಇಲ್ಲವೋ ಎಂಬ ಸಂಶಯವನ್ನು ಯಾರ ಬಳಿಯಾದರೂ ತನ್ನ ಭಾಷೆಯಲ್ಲಿ ಹೇಳಿಕೊಳ್ಳುವಂತಿರಬೇಕು.

ವೈರಾಣು ಇಲ್ಲವೆಂದು ಉತ್ತರ ಬಂದವಳಿಗೆ ಐದು ವರ್ಷ ಬಿಡುವು. ಇದೆ ಎಂದು ಬಂದರೆ ಬ್ರಿಟಿಷ್ ಕೊಲಂಬಿಯಾದಲ್ಲಿ ಎರಡು ದಾರಿ: 16 ಅಥವಾ 18ನೇ ತಳಿಯಾದರೆ ಗರ್ಭಕಂಠವನ್ನು ಹಿಗ್ಗಿಸಿ ನೋಡುವ ಕಾಲ್ಪೊಸ್ಕೊಪಿಗೆ ನೇರವಾಗಿ, ಬೇರೆ ತಳಿಯಾದರೆ ಮೊದಲು ಪ್ಯಾಪ್ ಪರೀಕ್ಷೆಗೆ. 52, 58 ಈ ಎರಡನೆಯ ದಾರಿಯಲ್ಲಿ ಬರುತ್ತವೆ. ಎರಡೂ ಕಡೆ ಅದೇ ಮಂಚ, ಅದೇ ಸ್ಪೆಕ್ಯುಲಮ್. ಈ ಸಲ ಅಲ್ಲಿಗೆ ಹೋಗುವವಳು ಮೊದಲ ಬಾರಿಗೆ ಹೋಗುತ್ತಿರುತ್ತಾಳೆ, ಮತ್ತು ಲೈಂಗಿಕ ಸಂಪರ್ಕದಿಂದ ಬರುವ ವೈರಾಣು ನಿಮ್ಮಲ್ಲಿದೆ ಎಂದು ಬರೆದ ಪತ್ರವೊಂದು ಅವಳ ಚೀಲದಲ್ಲಿರುತ್ತದೆ.